ತುಟಿ ಸೇರಿತು, ಮೂಗು ಯಾಕೆ ಸೊಟ್ಟ?

ನಮ್ಮ ಕಲಿಕಾ ಕೇಂದ್ರ ಇರುವುದು ಚಾಮರಾಜಪೇಟೆಯಲ್ಲಿ. ಸಂಜೆ ಆರೂವರೆಗೆ ಶುರು. ಹೂ ಕಟ್ಟುವವರು ಬರುತ್ತಾರೆ. ಊದುಬತ್ತಿ ಹೊಸೆಯುವವರು ಬರುತ್ತಾರೆ. ಬಸವನಗುಡಿಯ ಮನೆಗಳಲ್ಲಿ ಪಾತ್ರೆ ತಿಕ್ಕಿ, ಸೆರಗಲ್ಲಿ ಕೈ ಒರೆಸಿಕೊಂಡು ಹಾಗೇ ಬಂದು ಕೂರುವವರೂ ಇದ್ದಾರೆ.

ಒಂದು ದಿನ ಹೂ ಕಟ್ಟುವ ಅಕ್ಕ ಒಬ್ಬರು ಹಳೇ ಕಾರ್ಡು ಒಂದನ್ನು ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಇಟ್ಟಿದ್ದರಂತೆ. ಮಡಿಕೆಯಲ್ಲಿ ಹರಿದಿತ್ತು.

"ಟೀಚರ್, ಇದರಲ್ಲಿ ನಂಗೆ ಅಂಕಿ ಮಾತ್ರ ಗೊತ್ತಾಗುತ್ತೆ. ಇಲ್ಲಿ 8 ಅಂತ ಇದೆ. ಇಲ್ಲಿ 16 ಅಂತ ಇದೆ. ಏನದು?" ಅಂತ ಕೇಳಿದರು.

ಅದು ಅವರ ಮಗಳ ಆಸ್ಪತ್ರೆ ಕಾರ್ಡು. ಮಗಳು ಹುಟ್ಟುವಾಗ ಎಡಗಡೆ ಮೇಲ್ತುಟಿ ಸೀಳಿತ್ತು. ಐದು ತಿಂಗಳಿಗೆ ಆಪರೇಷನ್ ಆಗಿತ್ತು. ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಹೀಗೆ ಬರೆದಿತ್ತು: 8 ವರ್ಷಕ್ಕೆ ಕರೆತನ್ನಿ, ವಸಡಿನ ಎಲುಬು ನೋಡಬೇಕು. 16 ವರ್ಷಕ್ಕೆ ಕರೆತನ್ನಿ, ಮೂಗು ನೋಡಬೇಕು.

ಮಗಳಿಗೆ ಈಗ 16 ನಡೆಯುತ್ತಿದೆ.

ಆ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, "ಹೊಲಿಗೆ ಒಣಗ್ತು, ಮುಗೀತು ಅಂದ್ಕೊಂಡ್ವಿ. ಬಾಯಲ್ಲಿ ಯಾರೂ ಹೇಳಲಿಲ್ಲ. ಹೆಬ್ಬೆಟ್ಟು ಒತ್ತಿಸ್ಕೊಂಡ್ರು, ಕಾರ್ಡು ಕೊಟ್ರು."

ಆ ಹುಡುಗಿಯನ್ನು ನಾವು ನೋಡಿದ್ದೇವೆ. ಜಾಣೆ. ತುಟಿಯ ಮೇಲೆ ಒಂದು ತೆಳು ಗೆರೆ, ಅಷ್ಟೇ. ಆದರೆ ಮೂಗಿನ ಎಡ ಹೊಳ್ಳೆ ಚಪ್ಪಟೆಯಾಗಿ ಕೆನ್ನೆ ಕಡೆಗೆ ಹರಡಿದೆ. ಮೂಗಿನ ತುದಿ ಒಂದು ಕಡೆಗೆ ವಾಲಿದೆ. ಎಡಗಡೆ ಉಸಿರು ಸರಿಯಾಗಿ ಆಡುವುದಿಲ್ಲ. ರಾತ್ರಿ ಬಾಯಿ ತೆರೆದು ಮಲಗುತ್ತಾಳೆ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೆ ಫೋಟೊ ತೆಗೆಸಲು ಸ್ಟುಡಿಯೋಕ್ಕೆ ಹೋಗಿ ಎರಡು ಸಲ ಹಾಗೇ ವಾಪಸ್ ಬಂದಳಂತೆ. ಮೂರನೇ ಸಲ ಅಮ್ಮ ಜೊತೆಗೆ ನಿಂತು ತೆಗೆಸಿದರು.

ತುಟಿ ಸರಿಯಾದ ಮೇಲೂ ಮೂಗು ಯಾಕೆ ಹೀಗೆ? ಇದನ್ನು ಸರಿ ಮಾಡಬಹುದಾ? ನಮಗೂ ಪೂರ್ತಿ ಗೊತ್ತಿರಲಿಲ್ಲ. ಕೇಳಿ, ಓದಿ ತಿಳಿದುಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಗ್ರಹಣದ ಮಾತು

ಮೊದಲು ಒಂದು ವಿಷಯ ಹೇಳಿಬಿಡೋಣ. ಮಗು ಸೀಳುತುಟಿಯಲ್ಲಿ ಹುಟ್ಟಿದಾಗ ಆ ಅಕ್ಕನ ಅತ್ತೆ ಹೇಳಿದರಂತೆ: "ಗ್ರಹಣದ ದಿನ ಈಳಿಗೆಮಣೆ ಮುಂದೆ ಕೂತು ಸೊಪ್ಪು ಹೆಚ್ಚಿದೆಯಲ್ಲ, ಅದಕ್ಕೇ." ಹದಿನಾರು ವರ್ಷ ಆ ಮಾತು ಅವರ ಎದೆಯೊಳಗೇ ಇತ್ತು.

ಗ್ರಹಣ ಒಬ್ಬರ ಮನೆ ಮೇಲೆ ಮಾತ್ರ ಬರುವುದಿಲ್ಲ. ಇಡೀ ದೇಶಕ್ಕೆ ಕಾಣುತ್ತದೆ. ಆ ದಿನ ಎಷ್ಟು ಲಕ್ಷ ಬಸುರಿಯರು ತರಕಾರಿ ಹೆಚ್ಚಿರುತ್ತಾರೆ! ಅವರ ಮಕ್ಕಳಿಗೆಲ್ಲ ಹೀಗಾಗಿದೆಯಾ? ಗ್ರಹಣದ ಹೆಸರೇ ಕೇಳದ ದೇಶಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಸುಮಾರು 700ರಿಂದ 1000 ಮಕ್ಕಳು ಹುಟ್ಟಿದರೆ ಅದರಲ್ಲಿ ಒಂದು ಮಗುವಿಗೆ ಸೀಳುತುಟಿಯೋ ಸೀಳು ಅಂಗುಳವೋ ಇರುತ್ತದೆ.

ನಿಜವಾಗಿ ಆಗುವುದು ಇದು. ಹೊಟ್ಟೆಯಲ್ಲಿ ಮಗುವಿನ ಮುಖ ಒಂದೇ ಸಲ ಆಗುವುದಿಲ್ಲ. ಬೇರೆ ಬೇರೆ ತುಂಡುಗಳು ಬೆಳೆದು ಬಂದು ನಡುವೆ ಸೇರುತ್ತವೆ. ಮೇಲ್ತುಟಿ ಸೇರುವುದು ಗರ್ಭ ನಿಂತ ನಾಲ್ಕರಿಂದ ಏಳನೇ ವಾರದೊಳಗೆ. ಮುಟ್ಟು ನಿಂತಿದ್ದು ಗೊತ್ತಾಗಿ, ಹೌದೋ ಅಲ್ಲವೋ ಅಂತ ನಾವು ಯೋಚಿಸುತ್ತಿರುತ್ತೇವಲ್ಲ, ಅಷ್ಟರಲ್ಲೇ ಅದು ಮುಗಿದಿರುತ್ತದೆ. ಆ ತುಂಡುಗಳು ಯಾವುದೋ ಕಾರಣಕ್ಕೆ ಸೇರದೆ ಉಳಿದರೆ ಸೀಳು. ಎಡಗಡೆ ಸೀಳು ಬಲಗಡೆಗಿಂತ ಹೆಚ್ಚು.

ಕಾರಣ ಇದೇ ಅಂತ ಒಂದನ್ನು ತೋರಿಸಲು ಆಗುವುದಿಲ್ಲ. ಕೆಲವು ಮನೆತನಗಳಲ್ಲಿ ಬರುತ್ತದೆ. ಹತ್ತಿರದ ಸಂಬಂಧದಲ್ಲಿ, ಅಂದರೆ ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದರೆ ಸ್ವಲ್ಪ ಹೆಚ್ಚು. ಬೀಡಿ ಸಿಗರೇಟಿನ ಹೊಗೆ, ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳು, ಇವೂ ಕಾರಣ ಆಗಬಹುದು. (ಫಿಟ್ಸ್ ಮಾತ್ರೆ ನುಂಗುವವರು ತಾವಾಗೇ ನಿಲ್ಲಿಸಬಾರದು. ಅದು ಇನ್ನೂ ಅಪಾಯ. ಮಗು ಬೇಕು ಅಂದುಕೊಂಡಾಗಲೇ ಡಾಕ್ಟರನ್ನು ಕೇಳಬೇಕು.) ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲಿನಿಂದಲೇ ತೆಗೆದುಕೊಂಡರೆ ಸ್ವಲ್ಪ ಮಟ್ಟಿಗೆ ತಡೆಯಬಹುದು ಅನ್ನುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಮತ್ತೆ ಕೆಲವು ಮಕ್ಕಳಿಗೆ ಯಾವ ಕಾರಣವೂ ಸಿಗುವುದಿಲ್ಲ. ಈಳಿಗೆಮಣೆಯಂತೂ ಕಾರಣ ಅಲ್ಲವೇ ಅಲ್ಲ.

ಮೂಗು ಸೊಟ್ಟ ಆಗುವುದು ಹೇಗೆ?

ನಿಮ್ಮ ಕಿವಿಯನ್ನು ಒಂದು ಸಲ ಮಡಚಿ ಬಿಡಿ. ಹಿಂದಕ್ಕೆ ಬರುತ್ತದೆ ಅಲ್ಲವಾ? ಒಳಗೆ ಮೆದು ಎಲುಬು ಇದೆ. ಮೂಗಿನ ತುದಿಯಲ್ಲೂ ಇಂಥದೇ ಮೆದು ಎಲುಬು. ಎರಡು ಹೊಳ್ಳೆಗೆ ಎರಡು ಕಮಾನು. ನಡುವೆ ಒಂದು ಗೋಡೆ. ಕೆಳಗೆ ಎರಡು ತೂತುಗಳ ನಡುವೆ ಒಂದು ಸಣ್ಣ ಕಂಬ. ಇವೆಲ್ಲ ಮೇಲ್ದವಡೆಯ ಎಲುಬಿನ ಮೇಲೆ ನಿಂತಿವೆ.

ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತಕ್ಕೆ ದೊಡ್ಡ ಚಪ್ಪರ ಹಾಕುತ್ತಾರೆ. ನೀವೆಲ್ಲ ನೋಡಿದ್ದೀರಿ. ಅದರ ಒಂದು ಕಡೆಯ ಕಂಬ ಹಳ್ಳದಲ್ಲಿ ನಿಂತರೆ ಏನಾಗುತ್ತೆ? ಆ ಕಡೆ ಚಪ್ಪರ ಕುಸಿಯುತ್ತದೆ. ಬಟ್ಟೆ ಜೋತು ಬೀಳುತ್ತದೆ. ಮಧ್ಯದ ಕಂಬವೂ ವಾಲುತ್ತದೆ. ಸೀಳು ತುಟಿಯ ಜೊತೆಗೆ ಬಹಳ ಮಕ್ಕಳಿಗೆ ವಸಡಿನ ಎಲುಬೂ ಸೀಳಿರುತ್ತದೆ. ಅದೇ ಆ ಹಳ್ಳ. ಹೊಳ್ಳೆಗೆ ಆಧಾರ ಇಲ್ಲ.

ಇಷ್ಟೇ ಅಲ್ಲ. ನಮ್ಮ ತುಟಿಯೊಳಗೆ ಬಾಯಿಯ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಇದೆ. ಸೀಟಿ ಹೊಡೆಯುವಾಗ ತುಟಿ ಮುಂದೆ ಬರುವುದು ಅದರಿಂದ. ಸೀಳಿದ ತುಟಿಯಲ್ಲಿ ಆ ಬಳೆ ತುಂಡಾಗಿರುತ್ತದೆ. ಒಂದು ತುದಿ ಹೋಗಿ ಹೊಳ್ಳೆಯ ಬುಡಕ್ಕೆ ಅಂಟಿಕೊಂಡಿರುತ್ತದೆ. ಇನ್ನೊಂದು ತುದಿ ಮೂಗಿನ ನಡುಕಂಬದ ಬುಡಕ್ಕೆ. ಹೊಟ್ಟೆಯೊಳಗೆ ಇರುವಾಗಿನಿಂದಲೇ ಈ ಎರಡೂ ಒಂದನ್ನೊಂದು ಬಿಟ್ಟು ಎಳೆಯುತ್ತಿರುತ್ತವೆ. ಹೊಳ್ಳೆ ಕೆನ್ನೆ ಕಡೆಗೆ ಹರಡುತ್ತದೆ. ನಡುಗೋಡೆ ಬಾಗುತ್ತದೆ. ಒಂದು ಕಡೆ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ.

ಅಂದರೆ ತುಟಿ ಹೊಲಿದದ್ದರಿಂದ ಮೂಗು ಹಾಳಾಗಲಿಲ್ಲ. ಹುಟ್ಟುವಾಗಲೇ ಮೂಗಿನಲ್ಲೂ ದೋಷ ಇತ್ತು. ಆಗ ಸೀಳು ದೊಡ್ಡದಾಗಿ ಕಾಣುತ್ತಿತ್ತು. ಸೀಳು ಮುಚ್ಚಿದ ಮೇಲೆ ಮೂಗು ಕಾಣುತ್ತಿದೆ. ಜೊತೆಗೆ ಹೊಲಿದ ಜಾಗದ ಗಾಯದ ಕಲೆಯೂ ಸ್ವಲ್ಪ ಎಳೆಯುತ್ತದೆ. ಮಗು ಬೆಳೆದ ಹಾಗೆ ಮೂಗೂ ಬೆಳೆಯುತ್ತದೆ, ಸೊಟ್ಟವೂ ಬೆಳೆಯುತ್ತದೆ.

ಈಗ ಬಹಳ ಕಡೆ ತುಟಿ ಸೇರಿಸುವಾಗಲೇ ಮೂಗನ್ನೂ ಸ್ವಲ್ಪ ಎತ್ತಿ ಹೊಲಿಯುತ್ತಾರೆ. ಅದಕ್ಕೂ ಮುಂಚೆ, ಹಸುಗೂಸಿನ ಮೂಗು ಇನ್ನೂ ಮೆತ್ತಗಿರುವಾಗ, ಬಾಯಿಗೂ ಮೂಗಿಗೂ ಒಂದು ಸಣ್ಣ ಅಚ್ಚು ಕೂರಿಸಿ ತಿದ್ದುವ ಪದ್ಧತಿಯೂ ಇದೆ. ಇದರಿಂದ ಎಷ್ಟೋ ಅನುಕೂಲ. ಆದರೂ ದೊಡ್ಡವರಾದ ಮೇಲೆ ಮೂಗಿನ ಆಪರೇಷನ್ ಇನ್ನೊಂದು ಸಲ ಬೇಕಾಗುವುದು ಸಾಮಾನ್ಯ.

16 ವರ್ಷ ಯಾಕೆ ಕಾಯಬೇಕು?

ಇದನ್ನೇ ಆ ಅಕ್ಕ ಕೇಳಿದರು. "ಚಿಕ್ಕವಳಿದ್ದಾಗಲೇ ಮಾಡಿಬಿಟ್ಟಿದ್ರೆ ಸ್ಕೂಲಲ್ಲಿ ಅಷ್ಟು ಮಾತು ಕೇಳ್ತಿರಲಿಲ್ಲ."

ಅವರ ಮಾತೂ ಸುಳ್ಳಲ್ಲ. ಮೂಗು ತುಂಬಾ ಸೊಟ್ಟ ಇದ್ದು ಮಗು ನೊಂದರೆ, ಶಾಲೆಗೆ ಸೇರುವ ವಯಸ್ಸಿನಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡುವುದುಂಟು. ಆದರೆ ಮೂಗಿನ ನಡುಗೋಡೆಗೆ ಕೈ ಹಾಕುವ ದೊಡ್ಡ ಆಪರೇಷನ್‌ಗೆ ಬೆಳವಣಿಗೆ ಮುಗಿಯಬೇಕು. ಮೊದಲೇ ಮಾಡಿದರೆ ಮೂಗು, ಮೇಲ್ದವಡೆ ಬೆಳೆಯದೆ ಹೋಗಬಹುದು. ಹುಡುಗಿಯರಿಗೆ ಸುಮಾರು 15-16 ವರ್ಷ, ಹುಡುಗರಿಗೆ 17-18.

ಅದಕ್ಕೂ ಮುಂಚೆ ಬುನಾದಿ ಗಟ್ಟಿ ಆಗಬೇಕು. ಕಾರ್ಡಿನಲ್ಲಿದ್ದ 8ರ ಅರ್ಥ ಅದೇ. ಎಂಟರಿಂದ ಹನ್ನೊಂದು ವರ್ಷದ ಒಳಗೆ, ಕೋರೆಹಲ್ಲು ಇಳಿಯುವ ಮೊದಲು, ಸೊಂಟದ ಎಲುಬಿನಿಂದ ಸ್ವಲ್ಪ ಎಲುಬಿನ ಪುಡಿ ತೆಗೆದು ವಸಡಿನ ಸೀಳಿಗೆ ತುಂಬುತ್ತಾರೆ. ಸೀಳು ಇದ್ದ ಜಾಗದಲ್ಲಿ ಎಲುಬು ಕೂಡುತ್ತದೆ. ಕೋರೆಹಲ್ಲು ಅದರಲ್ಲಿ ಇಳಿಯುತ್ತದೆ. ಹೊಳ್ಳೆಯ ಬುಡಕ್ಕೂ ಆಧಾರ ಸಿಗುತ್ತದೆ. ಮೇಲ್ದವಡೆ ಹಿಂದೆ ಸರಿದಿದ್ದರೆ ಅದರ ಆಪರೇಷನ್ನೂ ಮೂಗಿಗಿಂತ ಮೊದಲೇ ಆಗಬೇಕು. ಗೋಡೆ ಕಟ್ಟದೆ ಸುಣ್ಣ ಬಳಿಯುವುದು ಹೇಗೆ?

ವಯಸ್ಸು ಮೀರಿದರೆ ಬಾಗಿಲು ಮುಚ್ಚಿತು ಅಂತಲ್ಲ. ಎಲುಬು ತುಂಬುವುದನ್ನು ಆಮೇಲೂ ಮಾಡುತ್ತಾರೆ. ಸಣ್ಣ ವಯಸ್ಸಿನಲ್ಲಿ ಕೂಡಿದಷ್ಟು ಚೆನ್ನಾಗಿ ಕೂಡದೆ ಹೋಗಬಹುದು, ಅಷ್ಟೇ. ಇನ್ನು ಮೂಗಿನ ಆಪರೇಷನ್‌ಗಂತೂ ಮೂವತ್ತು ನಲವತ್ತು ವರ್ಷದವರೂ ಬರುತ್ತಾರೆ.

ಪ್ಲಾಸ್ಟಿಕ್ ಇಡುವುದಿಲ್ಲ

"ಪ್ಲಾಸ್ಟಿಕ್ ಸರ್ಜರಿ ಅಂತಾರಲ್ಲ, ಬಿಸಿಲಿಗೆ ಕರಗಲ್ವಾ?" ಅಂತ ನಮ್ಮ ಕೇಂದ್ರದ ಅಜ್ಜಿ ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ನಗಬೇಕಾಗಿಲ್ಲ, ಒಳ್ಳೆ ಪ್ರಶ್ನೆ. ಪ್ಲಾಸ್ಟಿಕ್ ಅನ್ನುವ ಮಾತು ಬಂದದ್ದು ಗ್ರೀಕ್ ಭಾಷೆಯಿಂದ. ಆಕಾರ ಕೊಡುವುದು, ತಿದ್ದುವುದು ಅಂತ ಅರ್ಥ. ಕುಂಬಾರರು ಮಣ್ಣು ತಿದ್ದಿದ ಹಾಗೆ. ಬಕೆಟ್ಟಿನ ಪ್ಲಾಸ್ಟಿಕ್ಕಿಗೂ ಇದಕ್ಕೂ ಸಂಬಂಧ ಇಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಹೊಸದೂ ಅಲ್ಲ. ವಿಕ್ಟೋರಿಯಾ ಆಸ್ಪತ್ರೆ ಪಕ್ಕದ ಹಳೇ ಕೋಟೆ ಗೊತ್ತಲ್ಲ, ಅದನ್ನು ಇಂಗ್ಲಿಷರು ಟಿಪ್ಪು ಸುಲ್ತಾನನಿಂದ ಗೆದ್ದದ್ದು 1791ರಲ್ಲಿ. ಅದೇ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠಿಯವನು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ವರ್ಷದ ಮೇಲೆ ಪುಣೆಯ ಹತ್ತಿರ ಒಬ್ಬರು ಅವನಿಗೆ ಹೊಸ ಮೂಗು ಮಾಡಿಕೊಟ್ಟರು. ಅವರು ದೊಡ್ಡ ಓದು ಓದಿದವರಲ್ಲ. ಇಟ್ಟಿಗೆ ಮಾಡುವ ಜಾತಿಯವರು.

ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಸುತ್ತ ಗೆರೆ ಎಳೆದರು. ಅಷ್ಟು ಚರ್ಮ ಬಿಡಿಸಿದರು. ಹುಬ್ಬುಗಳ ನಡುವೆ ಮಾತ್ರ ಬಿಡಿಸಲಿಲ್ಲ. ರಕ್ತ ಹರಿಯಬೇಕಲ್ಲ! ಚರ್ಮವನ್ನು ಕೆಳಗೆ ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸಿದರು. ಬೆಸುಗೆಗೆ ಹಾಕಿದ್ದು ಎಲೆಅಡಿಕೆಗೆ ಹಾಕುವ ಕಾಚು. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಇದನ್ನು ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡರು. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರದ ಸಮೇತ ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ಡಾಕ್ಟರು 1814ರಲ್ಲಿ ಅಲ್ಲಿ ಹಾಗೇ ಮಾಡಿದರು. ನಮ್ಮ ಸುಶ್ರುತರ ಹಳೆಯ ಗ್ರಂಥದಲ್ಲೂ ಕೆನ್ನೆಯ ಚರ್ಮದಿಂದ ಮೂಗು ಮಾಡುವ ಮಾತಿದೆ. ಕತ್ತರಿಸಿದ ಮೂಗೇ ಬೇರೆ, ಸೀಳುತುಟಿಯ ಮೂಗೇ ಬೇರೆ. ಆದರೂ ಮೂಗು ತಿದ್ದುವ ಕೆಲಸಕ್ಕೆ ಎಷ್ಟು ವಯಸ್ಸಾಗಿದೆ ಅಂತ ತಿಳಿಯಲಿ ಎಂದು ಬರೆದೆವು.

ಸೀಳುತುಟಿಯ ಮೂಗಿಗೆ ಈಗ ಮಾಡುವುದು ಹೀಗೆ. ಪೂರ್ತಿ ಮತ್ತು ಬರುವ ಔಷಧ ಕೊಡುತ್ತಾರೆ. ನೋವು ಗೊತ್ತಾಗುವುದಿಲ್ಲ. ಹೊಳ್ಳೆಗಳ ಒಳಗೂ ನಡುಕಂಬದ ಮೇಲೂ ಸಣ್ಣ ಗೀರು ಹಾಕಿ, ಮೂಗಿನ ಚರ್ಮವನ್ನು ಮೇಲೆ ಎತ್ತುತ್ತಾರೆ. ಒಳಗಿನ ಮೆದು ಎಲುಬು ಕಾಣುತ್ತದೆ. ಕುಸಿದ ಕಡೆಯ ಕಮಾನನ್ನು ಅಂಟಿದ ಜಾಗದಿಂದ ಬಿಡಿಸಿ, ಮೇಲೆತ್ತಿ, ಇನ್ನೊಂದು ಕಡೆಯ ಕಮಾನಿಗೆ ಸಮ ಮಾಡಿ ಹೊಲಿಯುತ್ತಾರೆ. ಬಾಗಿದ ನಡುಗೋಡೆಯನ್ನು ನೆಟ್ಟಗೆ ಮಾಡುತ್ತಾರೆ. ಅದರಲ್ಲೇ ಒಂದು ಚೂರು ತೆಗೆದು ನಡುಕಂಬಕ್ಕೆ ಊರುಗೋಲಿನ ಹಾಗೆ ಇಡುತ್ತಾರೆ. ಅದು ಸಾಲದಿದ್ದರೆ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೆದು ಎಲುಬು ತೆಗೆಯುತ್ತಾರೆ. ಹರಡಿದ ಹೊಳ್ಳೆಯ ಬುಡವನ್ನು ಒಳಗೆ ತರುತ್ತಾರೆ. ಎಲ್ಲ ಅವರ ಮೈಯದೇ. ಹೊರಗಿನದು ಹೊಲಿಗೆಯ ದಾರ ಅಷ್ಟೇ.

ಮೂಗಿನ ಮೇಲೆ ಸುಮಾರು ಒಂದು ವಾರ ಗಟ್ಟಿ ಪಟ್ಟಿ ಇರುತ್ತದೆ. ಮುಖ ಊದಿಕೊಳ್ಳುತ್ತದೆ, ಕಣ್ಣ ಕೆಳಗೆ ನೀಲಿಗಟ್ಟುತ್ತದೆ. ನೋಡಿ ಹೆದರಬಾರದು. ಎರಡು ದಿಂಬು ಇಟ್ಟುಕೊಂಡು ತಲೆ ಎತ್ತರದಲ್ಲಿ ಮಲಗಬೇಕು. ಡಾಕ್ಟರು ಹೇಳುವವರೆಗೆ ಮೂಗು ಸೀಂಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಭಾರ ಎತ್ತಬಾರದು, ಬಿಂದಿಗೆ ನೀರೂ ಕೂಡ. ಜೋರು ರಕ್ತ ಬಂದರೆ, ಜ್ವರ ಬಂದರೆ, ಕೀವು ಕಂಡರೆ ಆಸ್ಪತ್ರೆಗೆ ಅದೇ ದಿನ ಹೋಗಬೇಕು. ನಾಳೆ ನೋಡೋಣ ಅನ್ನಬಾರದು.

ಮೂಗಿನ ತುದಿ ಕೆಲವು ತಿಂಗಳು ಜೋಮು ಹಿಡಿದ ಹಾಗಿರುತ್ತದೆ. ಊತ ಪೂರ್ತಿ ಇಳಿಯಲು ಒಂದು ವರ್ಷವೇ ಬೇಕಾಗಬಹುದು. ಆಮೇಲೂ ಎರಡು ಹೊಳ್ಳೆ ಅಚ್ಚಿನಲ್ಲಿ ಹೊಯ್ದ ಹಾಗೆ ಒಂದೇ ಸಮ ಆಗುವುದಿಲ್ಲ. ಬಹಳ ಸುಧಾರಿಸುತ್ತದೆ, ಉಸಿರು ಸಲೀಸಾಗುತ್ತದೆ. ಕೆಲವರಿಗೆ ಮೆದು ಎಲುಬು ಮತ್ತೆ ಬಾಗಿ ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಇದನ್ನು ಮುಂಚೆಯೇ ಹೇಳುವ ಡಾಕ್ಟರನ್ನು ನಂಬಿ. ಸಿನಿಮಾ ನಟಿಯ ಮೂಗು ಮಾಡಿಕೊಡುತ್ತೇನೆ ಅನ್ನುವವರ ಹತ್ತಿರ ಹುಷಾರು.

ಎಲ್ಲಿಗೆ ಹೋಗುವುದು, ಎಷ್ಟು ದುಡ್ಡು?

ಚಾಮರಾಜಪೇಟೆಯವರಿಗೆ ವಿಕ್ಟೋರಿಯಾ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ. 1900ರಲ್ಲಿ ಶುರುವಾದ ಆಸ್ಪತ್ರೆ. ಅಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗ ಇದೆ. ಪಕ್ಕದಲ್ಲೇ ಕೋಟೆಯ ಸರ್ಕಾರಿ ದಂತ ಕಾಲೇಜು. ವಸಂತನಗರದ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ಸ್ಮೈಲ್ ಟ್ರೈನ್ ಎಂಬ ಸಂಸ್ಥೆಯ ನೆರವಿನಿಂದ ಸಾವಿರಾರು ಸೀಳುತುಟಿ ಆಪರೇಷನ್‌ಗಳು ಆಗಿವೆ. ಆ ಸಂಸ್ಥೆ ನಮ್ಮ ದೇಶದಲ್ಲಿ 2000ದಿಂದ ಕೆಲಸ ಮಾಡುತ್ತಿದೆ. ಅದರ ಜೊತೆ ಸೇರಿದ ಆಸ್ಪತ್ರೆಗಳಲ್ಲಿ ಸೀಳುತುಟಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಮೂಗಿನ ಆಪರೇಷನ್ನೂ ಅದರಲ್ಲಿ ಸೇರುತ್ತದಾ ಅಂತ ಮೊದಲೇ ಕೇಳಿ. ಊರಿನ ಕಡೆ ನೆಂಟರಿದ್ದರೆ, ಧಾರವಾಡದ ಎಸ್.ಡಿ.ಎಂ. ದಂತ ಕಾಲೇಜಿನಲ್ಲೂ ಈ ಕೆಲಸಕ್ಕೇ ಬೇರೆ ವಿಭಾಗ ಇದೆ.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ. ಅದರ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳ ಇವೆ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಮಕ್ಕಳನ್ನು ನೋಡಲು ಡಾಕ್ಟರು ಬರುತ್ತಾರಲ್ಲ, ಅದೇ ಇದು. 18 ತುಂಬುವ ಮೊದಲು ಹೋಗಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೂ ಇದೆ. ಇಲ್ಲಿ ಒಂದು ಮಾತು ನೆನಪಿಡಿ. ಬರೀ ಚಂದಕ್ಕೆ ಮಾಡುವ ಆಪರೇಷನ್‌ಗೆ ಸರ್ಕಾರ ದುಡ್ಡು ಕೊಡುವುದಿಲ್ಲ. ಇದು ಚಂದಕ್ಕಲ್ಲ. ಹುಟ್ಟಿನ ದೋಷ, ಉಸಿರಿಗೂ ತೊಂದರೆ ಇದೆ. ಚೀಟಿಯಲ್ಲಿ ಹಾಗೆ ಬರೆಯುತ್ತೀರಾ ಅಂತ ಡಾಕ್ಟರನ್ನು ಕೇಳಿ. ರೇಷನ್ ಕಾರ್ಡು, ಆಧಾರ್, ಹಳೇ ಆಸ್ಪತ್ರೆ ಕಾರ್ಡು ಎಲ್ಲದರ ಜೆರಾಕ್ಸ್ ಇರಲಿ.

ನಾವು ಮೂವರೂ ಹೋದೆವು. ಅಮ್ಮ, ಮಗಳು, ನಾವು. ಡಾಕ್ಟರಮ್ಮ ಮಗಳ ಮೂಗು ನೋಡಿದರು, ಬಾಯಿ ನೋಡಿದರು, ಎಕ್ಸರೇ ತೆಗೆಸಿದರು. ಮೊದಲು ವಸಡಿಗೆ ಎಲುಬು ತುಂಬಬೇಕು, ಅದು ಕೂಡಿದ ಮೇಲೆ, ಕೆಲವು ತಿಂಗಳು ಬಿಟ್ಟು ಮೂಗು ಅಂದರು. "ಏನಮ್ಮ, ನಿಂಗೇನು ಬೇಕು?" ಅಂತ ಮಗಳನ್ನೇ ಕೇಳಿದರು. ಅದುವರೆಗೂ ಅವಳನ್ನು ಯಾರೂ ಕೇಳಿರಲಿಲ್ಲ, ನಾವೂ ಸೇರಿ. ಅವಳು "ಎಡಗಡೆ ಉಸಿರಾಡಬೇಕು" ಅಂದಳು. ಸ್ವಲ್ಪ ತಡೆದು, "ಮೂಗುಬೊಟ್ಟು ಇಡಬಹುದಾ?" ಅಂದಳು. ಬಲಗಡೆ ಇಡಬಹುದು, ಆದರೆ ಮೂಗಿನ ಆಪರೇಷನ್ ಆಗಿ ಪೂರ್ತಿ ವಾಸಿಯಾದ ಮೇಲೆ, ನಮ್ಮನ್ನು ಕೇಳಿಕೊಂಡು. ಎಡಗಡೆ ಮಾತ್ರ ಚುಚ್ಚಿಸಬೇಡ ಅಂದರು ಡಾಕ್ಟರಮ್ಮ.

ಆಪರೇಷನ್‌ಗೆ ಒಪ್ಪಿಗೆಯ ಕಾಗದ ಕೊಟ್ಟರು. ಒಂದು ಪುಟ ಕನ್ನಡದಲ್ಲಿತ್ತು. ನರ್ಸ್ ಇಂಕಿನ ಪ್ಯಾಡು ಮುಂದೆ ತಳ್ಳಿದರು. ಅಕ್ಕ ಅದನ್ನು ಪಕ್ಕಕ್ಕೆ ಸರಿಸಿ ಬೆರಳಿಟ್ಟು ಓದತೊಡಗಿದರು. 'ಅರಿವಳಿಕೆ' ಅನ್ನುವಲ್ಲಿ ನಿಂತರು. ಇದೇನು ಅಂತ ಕೇಳಿದರು. ಮತ್ತು ಬರುವ ಔಷಧ ಅಂತ ನರ್ಸ್ ಹೇಳಿದರು. ಮತ್ತೆ ಮುಂದಕ್ಕೆ ಓದಿದರು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಹತ್ತು ನಿಮಿಷ ಆಯಿತು. ಆಮೇಲೆ ಕೆಳಗೆ ತಮ್ಮ ಹೆಸರು ಬರೆದರು. ಹೊಸ ಕಾರ್ಡಿನಲ್ಲಿ ಮುಂದಿನ ತಾರೀಕು ಇದೆ. ಆ ಕಾರ್ಡು ಈ ಸಲ ಟ್ರಂಕಿನಲ್ಲಿಲ್ಲ. ಮನೆಯ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದಾರೆ.